ಬಳ್ಳಾರಿಯ ರಾಘವಾಚಾರ್ಯರು

ಬಳ್ಳಾರಿ ಪಟ್ಟಣದಲ್ಲಿ ರಾಘವ ಕಲಾಮಂದಿರವೆಂಬ ನಾಟಕಶಾಲೆಯುಂಟು. ಅದರ ಮುಂದೆ ನಮ್ಮ ವಿದ್ಯಾರ್ಥಿನಿಯರು ಎಷ್ಟೋ ಸಲ ನಡೆದು ಹೋಗಿರುವರು. ಆ ರಾಘವರು ಯಾರೆಂದು ಕೇಳಿದರೆ, ಅವರೊಬ್ಬ ದೊಡ್ಡ ನಟರೆಂದು ಮಾತ್ರ ಹೇಳಿ ಸುಮ್ಮನಾಗುವವರೇ ಬಹುಮಂದಿ. ಅವರು ಈ ಊರಿನ ನ್ಯಾಯಸ್ಥಾನದಲ್ಲಿ ಹೆಸರಾಂತ ವಕೀಲರಾಗಿದ್ದರೆಂಬುದೂ, ಮದರಾಸಿನ ಕ್ರೈಸ್ತ ಕಾಲೇಜಿನಲ್ಲಿ ವಿದ್ಯೆ ಕಲಿತವರೆಂಬುದೂ, ಗೃಹಸ್ಥ ಮನೆತನದ ಹೆಣ್ಣುಮಕ್ಕಳು ರಂಗಸ್ಥಳದಲ್ಲಿ ತಲೆಯೆತ್ತಿ ನಿಲ್ಲಬಹುದೆಂದು ತೋರಿಸಿದವರಲ್ಲಿ ಮುಂದಾಳಾಗಿದ್ದರೆಂಬುದೂ ಮರೆತುಹೋಗುತ್ತಲಿದೆ. ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಯಲ್ಲಿ ಆ ಮಹನೀಯರ ಜೀವನವನ್ನು ಸಂಕ್ಷೇಪವಾಗಿ ಹೇಳಬೇಕೆಂದು ನಾವು ಬಯಸಿದುದು ಈ ಕಾರಣದಿಂದಲೇ.

ಇನ್ನೊಂದು ಕಾರಣವೂ ಉಂಟು. ಸಿರುಗುಪ್ಪದಿಂದಲೂ ಕುರುಗೋಡಿನಿಂದಲೂ ಸುತ್ತಣ ಹಳ್ಳಿಗಳಿಂದಲೂ ಮಕ್ಕಳನ್ನು ನಮ್ಮಲ್ಲಿಗೆ ಕರೆತರುವ ತಂದೆತಾಯಿಗಳು, ಶಾಲೆಯ ಓದು ಮುಗಿದ ಮೇಲೆ ಮಗಳು ಚರಿತ್ರೆ ಸಾಹಿತ್ಯಗಳನ್ನು ಓದುವೆನೆಂದರೆ ಮುಖ ಚಿಕ್ಕದು ಮಾಡಿಕೊಳ್ಳುವರು. ಸತ್ತ ಅರಸರ ಕಥೆಗಳಿಂದ ಹೊಟ್ಟೆ ತುಂಬುವುದೇ, ನಾಟಕ ಕಾವ್ಯಗಳನ್ನು ಓದಿದವಳಿಗೆ ಕೆಲಸ ಸಿಕ್ಕುವುದೇ ಎಂದು ಅವರು ಕೇಳುವರು. ಹೊಲದಲ್ಲಿ ಬೆವರು ಸುರಿಸಿ ಶುಲ್ಕ ಕಟ್ಟುವವರು ಕೇಳುವ ಈ ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ಇದಕ್ಕೆ ತರ್ಕದಿಂದ ಉತ್ತರ ಹೇಳುವುದಕ್ಕಿಂತಲೂ ಒಬ್ಬರ ಬಾಳನ್ನು ಎದುರಿಗಿಡುವುದು ಮೇಲೆಂದು ನಮಗೆ ತೋರಿತು.

ರಾಘವಾಚಾರ್ಯರು 1880ನೆಯ ಇಸವಿ ಆಗಸ್ಟ್ ತಿಂಗಳ 2ನೆಯ ತಾರೀಖಿನಲ್ಲಿ ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ ಜನಿಸಿದರು. ಅವರ ತಂದೆ ನರಸಿಂಹಾಚಾರ್ಯರು ಬಳ್ಳಾರಿಯ ಪ್ರೌಢಶಾಲೆಯಲ್ಲಿ ತೆಲುಗು ಪಂಡಿತರಾಗಿದ್ದರು. ತಾಯಿಯ ಹೆಸರು ಶೇಷಮ್ಮನವರು. ಹುಟ್ಟಿದ ಊರು ತಾಡಪತ್ರಿಯಾದರೂ ಬೆಳೆದುದು, ಬಾಳಿದುದು, ಹೆಸರು ಪಡೆದುದು ಎಲ್ಲವೂ ಬಳ್ಳಾರಿಯಲ್ಲಿಯೇ. ಆದುದರಿಂದಲೇ ಲೋಕವು ಅವರನ್ನು ತಾಡಪತ್ರಿಯ ರಾಘವಾಚಾರ್ಯರೆನ್ನದೆ ಬಳ್ಳಾರಿ ರಾಘವರೆಂದು ಕರೆಯಿತು. ಊರಿನ ಹೆಸರು ಮನುಷ್ಯನಿಗೆ ಅಂಟಿಕೊಳ್ಳುವುದು ಸಾಮಾನ್ಯ. ಇವರ ವಿಷಯದಲ್ಲಾದರೋ ಮನುಷ್ಯನಿಂದ ಊರಿನ ಹೆಸರು ದೂರದ ದೇಶಗಳಿಗೂ ಹೋಯಿತು.

ಆ ಕಾಲದ ಬಳ್ಳಾರಿ ಎಂತಹುದಾಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. 1953ರ ಅಕ್ಟೋಬರ್ ತಿಂಗಳಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಊರು ಮದರಾಸಿನ ಆಳ್ವಿಕೆಯಲ್ಲಿತ್ತು. ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುತ್ತಿದ್ದುವು. ಅಕ್ಷರವಿದ್ಯೆಗೂ ಈ ಊರಿಗೂ ಹಳೆಯ ನಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಇಲ್ಲಿಗೆ ಬಂದು ನೆಲಸಿ, ಶಾಲೆಗಳನ್ನು ತೆರೆದು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಬಹುಕಾಲವನ್ನು ಕಳೆದರು. ಅವರ ಜೊತೆಗಾರರಾದ ವಿಲಿಯಂ ರೀವ್ ಎಂಬವರು 1824ರಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೂ, 1832ರಲ್ಲಿ ಕನ್ನಡದಿಂದ ಇಂಗ್ಲಿಷಿಗೂ ನಿಘಂಟುಗಳನ್ನು ಪ್ರಕಟಿಸಿದರು. ಎರಡು ಭಾಷೆಗಳ ನಡುವೆ ನಿಂತು ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವ ಕೆಲಸ ಬಳ್ಳಾರಿಗೆ ಹೊಸದಾಗಿರಲಿಲ್ಲ.

ನಾಟಕಕಲೆಯಲ್ಲಿಯೂ ಈ ಊರು ಹಿಂದಾಗಿರಲಿಲ್ಲ. ರಾಘವರ ಸೋದರಮಾವನವರಾದ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ವಕೀಲರಾಗಿದ್ದು, 1880ರ ದಶಕದಲ್ಲಿ ಸರಸವಿನೋದಿನೀ ಸಭೆಯೆಂಬ ನಾಟಕಸಂಘವನ್ನು ಕಟ್ಟಿ, ತಾವೇ ನಾಟಕಗಳನ್ನು ರಚಿಸಿ ಆಡಿಸಿದರು. ತೆಲುಗರು ಅವರನ್ನು ಆಂಧ್ರ ನಾಟಕ ಪಿತಾಮಹರೆಂದು ಗೌರವಿಸುತ್ತಾರೆ. ಆ ಸಭೆಯು 1891ರಲ್ಲಿ ಮದರಾಸಿಗೆ ಹೋಗಿ ಆಡಿದ ನಾಟಕಗಳನ್ನು ನೋಡಿ ಮನಸೋತ ಪಮ್ಮಲ್ ಸಂಬಂಧ ಮೊದಲಿಯಾರರೆಂಬ ತರುಣರು ಅದೇ ವರ್ಷ ಸುಗುಣವಿಲಾಸ ಸಭೆಯನ್ನು ಸ್ಥಾಪಿಸಿ ತಮಿಳು ರಂಗಭೂಮಿಗೆ ಹೊಸ ಜೀವ ಕೊಟ್ಟರು. ರಾಜಧಾನಿಗೆ ನಾಟಕದ ಪಾಠ ಹೇಳಿದುದು ಬಿಸಿಲಿಗೆ ಹೆಸರಾದ ನಮ್ಮ ಈ ಊರೆಂಬುದು ನಮ್ಮ ಮಕ್ಕಳು ತಿಳಿದಿರತಕ್ಕ ಸಂಗತಿ.

ಅದೇ ಕಾಲದಲ್ಲಿ ಕೋಲಾಚಲಂ ಶ್ರೀನಿವಾಸರಾಯರೆಂಬ ಇನ್ನೊಬ್ಬ ವಕೀಲರು ಬಳ್ಳಾರಿಯಲ್ಲಿ ಸುಮನೋರಮಾ ಸಭೆಯನ್ನು ನಡೆಸುತ್ತಿದ್ದರು. ಅವರು ಹಂಪೆಯ ಪಕ್ಕದ ಕಮಲಾಪುರದವರು. ಪಾಳುಬಿದ್ದ ರಾಜಧಾನಿಯ ಕಲ್ಲುಗಳ ನಡುವೆ ಹುಟ್ಟಿದವರಾದುದರಿಂದಲೋ ಏನೋ, ಅವರ ಮನಸ್ಸು ಚರಿತ್ರೆಯ ಕಡೆಗೆ ಹರಿಯಿತು. ಪುರಾಣದ ಕಥೆಗಳೇ ನಾಟಕಗಳಾಗುತ್ತಿದ್ದ ಆ ದಿನಗಳಲ್ಲಿ ಅವರು ವಿಜಯನಗರದ ಪತನವನ್ನು ನಾಟಕವಾಗಿ ಬರೆದರು. ಅಷ್ಟರಿಂದ ತೃಪ್ತರಾಗದೆ ಪ್ರಪಂಚದ ನಾನಾ ದೇಶಗಳ ನಾಟಕಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1908ರಲ್ಲಿ ಪ್ರಕಟಿಸಿದರು. ಸೋದರಮಾವನವರಿಂದ ನಾಟಕದ ರುಚಿಯನ್ನೂ, ಶ್ರೀನಿವಾಸರಾಯರಿಂದ ಚರಿತ್ರೆಯ ರುಚಿಯನ್ನೂ ಹುಡುಗ ರಾಘವನು ಎಳೆವೆಯಲ್ಲಿಯೇ ಕಂಡುಕೊಂಡನು. ಹನ್ನೆರಡನೆಯ ವಯಸ್ಸಿಗಾಗಲೇ ಅವನ ಒಲವು ನಾಟಕದ ಕಡೆಗೆ ತಿರುಗಿತ್ತೆಂದು ಹೇಳುವರು.

ಬಳ್ಳಾರಿಯಲ್ಲಿ ಪ್ರೌಢಶಾಲೆಯ ಓದನ್ನು ಮುಗಿಸಿದ ಮೇಲೆ ರಾಘವರು ಮದರಾಸಿಗೆ ಹೊರಟರು. ಈಗ ಚೆನ್ನೈ ಎಂದು ಕರೆಯುವ ಆ ಪಟ್ಟಣಕ್ಕೆ ಬಳ್ಳಾರಿಯವರು ಗುಂತಕಲ್ಲಿನ ಮಾರ್ಗವಾಗಿ ರೈಲಿನಲ್ಲಿ ಹೋಗಬೇಕು. ಅಲ್ಲಿ ಅವರು ಸೇರಿದುದು ಕ್ರೈಸ್ತ ಕಾಲೇಜನ್ನು. ಸ್ಕಾಟ್ಲೆಂಡಿನ ಮಿಷನರಿ ಜಾನ್ ಆಂಡರ್ಸನ್ನರು 1837ರಲ್ಲಿ ಪ್ರಾರಂಭಿಸಿದ ಶಾಲೆಯೇ ಬೆಳೆದು 1877ರಲ್ಲಿ ಮದರಾಸ್ ಕ್ರಿಶ್ಚಿಯನ್ ಕಾಲೇಜೆಂಬ ಹೆಸರನ್ನು ಪಡೆದಿತ್ತು. ಇಂದು ಅದು ತಾಂಬರಂನಲ್ಲಿದೆ; 1937ರಲ್ಲಿ ಅಲ್ಲಿಗೆ ಸಾಗಿತು. ರಾಘವರ ಕಾಲದಲ್ಲಿ ಅದು ಪಟ್ಟಣದ ನಡುವೆ, ಹೈಕೋರ್ಟಿನ ಸಮೀಪದಲ್ಲಿ, ಎಸ್ಪ್ಲನೇಡ್ ರಸ್ತೆಯ ಮೇಲಿತ್ತು.

ಆ ಕಾಲೇಜಿನ ಪ್ರಿನ್ಸಿಪಾಲರು ಡಾಕ್ಟರ್ ವಿಲಿಯಂ ಮಿಲ್ಲರ್. ಅವರು 1862ರಲ್ಲಿ ಮದರಾಸಿಗೆ ಬಂದು 1907ರವರೆಗೆ ಅಲ್ಲಿಯೇ ದುಡಿದರು. ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹಿಂದೂಗಳು. ಎಲ್ಲರಿಗೂ ಬೈಬಲ್ ಪಾಠವು ಕಡ್ಡಾಯವಾಗಿತ್ತು. ಆದರೆ ಮಿಲ್ಲರರ ದೃಷ್ಟಿಯಲ್ಲಿ ಕ್ರೈಸ್ತ ವಿದ್ಯಾಲಯದ ಸಾರ್ಥಕ್ಯವು ಮತಾಂತರವಾದವರ ಸಂಖ್ಯೆಯಲ್ಲಿರಲಿಲ್ಲ. ಹಿಟ್ಟಿನಲ್ಲಿ ಬೆರೆತ ಹುಳಿಯಂತೆ ವಿದ್ಯೆಯು ಒಂದು ಸಮಾಜದ ಒಳಗೆ ಕಣ್ಣಿಗೆ ಕಾಣದೆ ಕೆಲಸ ಮಾಡಬೇಕೆಂಬುದು ಅವರ ನಂಬಿಕೆಯಾಗಿತ್ತು. ಈ ನಂಬಿಕೆಯನ್ನು ಅವರ ಸ್ವದೇಶದವರೇ ಅನೇಕರು ಆಕ್ಷೇಪಿಸಿದರು. ಅವರು ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಡಲಿಲ್ಲ.

ಈ ಮಿಲ್ಲರರು ಷೇಕ್ಸ್‌ಪಿಯರನನ್ನು ಬಹುವಾಗಿ ಓದಿದವರು. ಲಿಯರ್ ಮಹಾರಾಜ, ಮ್ಯಾಕ್‌ಬೆತ್, ಹ್ಯಾಮ್ಲೆಟ್, ಒಥೆಲೋ ಎಂಬ ನಾಲ್ಕು ದುಃಖಾಂತ ನಾಟಕಗಳನ್ನು ಕುರಿತು 1900ರ ಸುಮಾರಿನಲ್ಲಿ ಅವರು ಗ್ರಂಥಗಳನ್ನೇ ಬರೆದರು. ಆ ನಾಟಕಗಳನ್ನು ಅವರು ಬರಿಯ ಪರೀಕ್ಷೆಯ ಪಾಠಗಳೆಂದು ಎಣಿಸಲಿಲ್ಲ. ಮನುಷ್ಯನು ಎಲ್ಲಿ ಜಾರುತ್ತಾನೆ, ಜಾರಿದವನ ಗತಿ ಏನಾಗುವುದು ಎಂಬುದನ್ನು ತೋರಿಸುವ ಜೀವನದ ನಕ್ಷೆಗಳೆಂದು ಎಣಿಸಿದರು. ಇಂತಹ ಗಾಳಿ ಬೀಸುತ್ತಿದ್ದ ಕಾಲೇಜಿಗೆ ನಾಟಕದ ಹುಚ್ಚನ್ನು ಮೈತುಂಬ ಹೊತ್ತ ಬಳ್ಳಾರಿಯ ತರುಣರು ಬಂದು ಸೇರಿದುದು ನಮಗೆ ದೈವಯೋಗವೆಂದೇ ತೋರುತ್ತದೆ.

ಆ ಕಾಲದ ಮದರಾಸ್ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಪದವಿಗೆ ಓದುವವರು ಮೂರು ಭಾಗಗಳಲ್ಲಿ ತೇರ್ಗಡೆಯಾಗಬೇಕಾಗಿತ್ತು: ಇಂಗ್ಲಿಷ್ ಭಾಷೆ ಸಾಹಿತ್ಯಗಳು ಒಂದು, ಸಂಸ್ಕೃತ ಅಥವಾ ದೇಶಭಾಷೆ ಎರಡನೆಯದು, ಗಣಿತ, ವಿಜ್ಞಾನ, ತತ್ತ್ವಶಾಸ್ತ್ರ, ಚರಿತ್ರೆ ಮೊದಲಾದವುಗಳಲ್ಲಿ ಆರಿಸಿಕೊಂಡ ಒಂದು ಶಾಖೆ ಮೂರನೆಯದು. ಆದುದರಿಂದ ಯಾವ ಶಾಖೆಯನ್ನು ಹಿಡಿದವನಾದರೂ ಸಾಹಿತ್ಯವನ್ನು ಬಿಟ್ಟು ಪದವೀಧರನಾಗುವಂತಿರಲಿಲ್ಲ. ನಿತ್ಯ ಓದಬೇಕು, ಓದಿದುದನ್ನು ಕುರಿತು ಬರೆಯಬೇಕು, ಬರೆದುದನ್ನು ಗುರುಗಳ ಮುಂದಿಟ್ಟು ತಿದ್ದಿಸಿಕೊಳ್ಳಬೇಕು. ಮಾತಿನ ತೂಕವನ್ನು ಅರಿಯುವ ಅಭ್ಯಾಸವು ಹೀಗೆ ಕೈಗೂಡುವುದು. ನಟನಿಗೂ ವಕೀಲನಿಗೂ ಇದಕ್ಕಿಂತ ಹೆಚ್ಚಿನ ಬಂಡವಾಳ ಯಾವುದು?

ಕ್ರೈಸ್ತ ಕಾಲೇಜಿನಲ್ಲಿ ಪದವಿಯನ್ನು ಪಡೆದ ರಾಘವರು ಹತ್ತಿರದಲ್ಲಿಯೇ ಇದ್ದ ಲಾ ಕಾಲೇಜಿನಲ್ಲಿ ನ್ಯಾಯಶಾಸ್ತ್ರವನ್ನು ಕಲಿತು 1905ರಲ್ಲಿ ಪದವೀಧರರಾಗಿ ಊರಿಗೆ ಹಿಂದಿರುಗಿದರು. ಅಪರಾಧ ಮೊಕದ್ದಮೆಗಳಲ್ಲಿ ಅವರು ಬೇಗನೆ ಹೆಸರು ಪಡೆದರು. ಸರಕಾರವು ಅವರನ್ನು ಪಬ್ಲಿಕ್ ಪ್ರಾಸಿಕ್ಯೂಟರನ್ನಾಗಿ ನೇಮಿಸಿತು. ರಾವ್ ಬಹದ್ದೂರ್ ಎಂಬ ಬಿರುದೂ ಬಂದಿತು. ಬಡವರ ಮೊಕದ್ದಮೆಗಳನ್ನು ಅವರು ಪ್ರೀತಿಯಿಂದ ಹಿಡಿಯುತ್ತಿದ್ದರೆಂದೂ, ಸಾಧ್ಯವಾದಲ್ಲೆಲ್ಲ ವಾದಿ ಪ್ರತಿವಾದಿಗಳನ್ನು ಕೂಡಿಸಿ ರಾಜಿ ಮಾಡಿಸುತ್ತಿದ್ದರೆಂದೂ ಪ್ರತೀತಿಯಿದೆ. ಜಗಳ ಬೆಳೆದರೆ ವಕೀಲನಿಗೆ ಲಾಭ. ಆ ಲಾಭವನ್ನು ಬಿಡುವವರು ವಿರಳ.

ಹಗಲು ನ್ಯಾಯಸ್ಥಾನ, ಇರುಳು ನಾಟಕಶಾಲೆ, ಹೀಗೆ ಅವರ ಬಾಳು ನಡೆಯಿತು. ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ಬೆಂಬ ಸಂಘವನ್ನು ಸ್ಥಾಪಿಸಿ ಆ ಮಹಾಕವಿಯ ನಾಟಕಗಳನ್ನು ಆಡಿದವರು ಅವರೇ. ಬೆಂಗಳೂರಿನ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ನಿನೊಡನೆಯೂ ಸೇರಿ ಅಭಿನಯಿಸಿದರು. ತೆಲುಗು, ಕನ್ನಡ, ಇಂಗ್ಲಿಷ್, ಹಿಂದಿ ಈ ನಾಲ್ಕರಲ್ಲಿಯೂ ಪಾತ್ರ ಧರಿಸಿದರು. ನಾಟಕವು ಅವರಿಗೆ ಹೊಟ್ಟೆಪಾಡಾಗಿರಲಿಲ್ಲ. ವಕೀಲಿಯಲ್ಲಿ ಗಳಿಸಿದುದನ್ನು ರಂಗಭೂಮಿಗೆ ಸುರಿದರು.

ಅವರ ಅಭಿನಯದಲ್ಲಿ ಹೊಸತೇನಿತ್ತು? ಅಂದಿನ ನಾಟಕಗಳಲ್ಲಿ ಹಾಡೇ ಪ್ರಧಾನ. ರಾಜನು ಯುದ್ಧಕ್ಕೆ ಹೊರಟಿದ್ದರೂ, ತಾಯಿಯು ಮಗನ ಶವದ ಮುಂದೆ ಕುಳಿತಿದ್ದರೂ, ನಟನು ಪದ್ಯವನ್ನು ಎತ್ತಿಕೊಂಡು ರಾಗವನ್ನು ಎಳೆಯತೊಡಗುವನು. ಸಭಿಕರು ಮತ್ತೊಮ್ಮೆ ಎಂದು ಕೂಗುವರು. ಕಥೆಯು ಬಾಗಿಲಲ್ಲಿಯೇ ಕಾದು ನಿಲ್ಲುವುದು. ರಾಘವರು ಇದನ್ನು ಒಪ್ಪಲಿಲ್ಲ. ಮಾತಿನ ಅರ್ಥವು ಮೊದಲು, ಭಾವವು ಅದರ ಬೆನ್ನಿಗೆ, ಸಂಗೀತವು ಇವೆರಡಕ್ಕೂ ಅಡ್ಡ ಬಾರದಂತಿರಬೇಕು ಎಂಬುದು ಅವರ ಮತವಾಗಿತ್ತು. ಅವರ ರಂಗಸ್ಥಳದಲ್ಲಿ ಕಣ್ಣು, ಹುಬ್ಬು, ಮೌನ ಎಲ್ಲವೂ ಮಾತನಾಡಿದುವು. ಗ್ರಂಥವನ್ನು ಪದಪದವಾಗಿ ಬಿಡಿಸಿ ಓದಿದವರಿಗೆ ಮಾತ್ರ ಹೀಗೆ ಅಭಿನಯಿಸಲು ಸಾಧ್ಯವೆಂದು ನಾವು ತಿಳಿಯುತ್ತೇವೆ.

ಅವರು ಹೆಸರುಗೊಂಡ ಪಾತ್ರಗಳನ್ನು ಒಂದೊಂದಾಗಿ ಎಣಿಸಿ ನೋಡಿದರೆ ಒಂದು ವಿಶೇಷವು ಕಾಣುವುದು. ಹಿರಣ್ಯಕಶಿಪು, ದುರ್ಯೋಧನ, ಷೈಲಾಕ್, ಒಥೆಲೋ, ವಿಜಯನಗರದ ಪತನದ ನಾಟಕದಲ್ಲಿ ಪಠಾಣ: ಇವರೆಲ್ಲರೂ ಯಾರು? ಲೋಕವು ದೂಷಿಸಿದವರು, ಇಲ್ಲವೆ ಹೊರಗಿನವರೆಂದು ದೂರವಿಟ್ಟವರು. ಮಗನನ್ನು ಹಿಂಸಿಸಿದ ತಂದೆ, ಪಾಂಡವರಿಗೆ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡದ ದಾಯಾದಿ, ಸಾಲಕ್ಕೆ ಮಾಂಸವನ್ನು ಕೇಳಿದ ಬಡ್ಡಿಯ ವ್ಯಾಪಾರಿ, ನಿರಪರಾಧಿಯಾದ ಹೆಂಡತಿಯನ್ನು ಕೊಂದ ಗಂಡ. ಇಂತಹವರನ್ನು ರಂಗಸ್ಥಳಕ್ಕೆ ತಂದು ಅವರ ತಪ್ಪನ್ನು ಮುಚ್ಚದೆ, ಆದರೆ ಅವರೂ ಮನುಷ್ಯರೆಂಬುದನ್ನು ಮರೆಯಗೊಡದೆ ತೋರಿಸುವುದು ಸುಲಭವಲ್ಲ. ನ್ಯಾಯಸ್ಥಾನದ ಕಟಕಟೆಯಲ್ಲಿ ನಿಂತವನ ಕಥೆಯನ್ನೂ ಪೂರ್ತಿಯಾಗಿ ಕೇಳಬೇಕೆಂಬ ವಕೀಲರ ಧರ್ಮವೂ, ನಾಟಕದ ಪ್ರತಿಯೊಂದು ಪಾತ್ರದ ಒಳಹೊಕ್ಕು ನೋಡಬೇಕೆಂಬ ಸಾಹಿತ್ಯದ ಧರ್ಮವೂ ಅವರಲ್ಲಿ ಒಂದಾಗಿ ಕೂಡಿದುವು.

ಪಠಾಣನ ಪಾತ್ರವನ್ನು ಕುರಿತು ಇನ್ನೊಂದು ಮಾತು. 1565ರ ಯುದ್ಧದ ನೆನಪು ನಮ್ಮ ಸೀಮೆಯಲ್ಲಿ ಬರಿಯ ಪುಸ್ತಕದ ಮಾತಲ್ಲ. ಹಂಪೆಯ ಕಲ್ಲುಗಳು ಇಂದಿಗೂ ಅದನ್ನು ಹೇಳುತ್ತಲಿವೆ. ಅಂತಹ ನೆಲದಲ್ಲಿ, ಹಿಂದೂಗಳೂ ಮುಸಲ್ಮಾನರೂ ಜೊತೆಗೆ ಬಾಳುವ ಊರಿನಲ್ಲಿ, ವಿಜಯನಗರದ ಕಥೆಯೊಳಗಣ ಪಠಾಣನನ್ನು ಅಭಿನಯಿಸಿ ನೋಡಿದವರೆಲ್ಲರ ನೆನಪಿನಲ್ಲಿ ಉಳಿಸಿದವರು ಆಚಾರ್ಯ ಮನೆತನದ ರಾಘವರು. ನಮ್ಮವರ ಗೆಲವನ್ನೂ ಪರರ ತಪ್ಪನ್ನೂ ಪಟ್ಟಿ ಮಾಡುವುದಕ್ಕೆ ಚರಿತ್ರೆಯ ವ್ಯಾಸಂಗವು ಬೇಕಾಗಿಲ್ಲ. ಅದನ್ನು ಜಗಲಿಯ ಮೇಲಿನ ಹರಟೆಯೂ ಮಾಡೀತು. ಎದುರು ಪಕ್ಷದವನ ಡೇರೆಯೊಳಗೆ ಇಣಿಕಿ ನೋಡುವ ಧೈರ್ಯವನ್ನು ಕೊಟ್ಟಾಗಲೇ ಚರಿತ್ರೆಯು ವಿದ್ಯೆಯೆನಿಸುವುದು.

1927ರಲ್ಲಿ ದೀನಬಂಧು ಕಬೀರವೆಂಬ ಹಿಂದಿ ನಾಟಕದಲ್ಲಿ ಅವರ ಅಭಿನಯವನ್ನು ಮಹಾತ್ಮಾ ಗಾಂಧಿಯವರು ನೋಡಿ ಸಂತೋಷಪಟ್ಟರು. ಮರುವರ್ಷ, ಎಂದರೆ 1928ರಲ್ಲಿ, ರಾಘವರು ಸಮುದ್ರವನ್ನು ದಾಟಿ ಇಂಗ್ಲೆಂಡಿಗೆ ಹೋದರು. ಅಲ್ಲಿಯ ನಾಟಕಶಾಲೆಗಳನ್ನು ನೋಡಿದರು. ನಟರೊಡನೆ ಕಲೆಯ ವಿಚಾರವಾಗಿ ಸಂಭಾಷಿಸಿದರು. ಪ್ರಸಿದ್ಧ ನಾಟಕಕಾರರಾದ ಬರ್ನಾರ್ಡ್ ಷಾ ಅವರನ್ನು ಕಂಡರು. ಯೂರೋಪಿನ ಇತರ ಕೆಲವು ದೇಶಗಳಲ್ಲಿಯೂ ಸಂಚರಿಸಿದರು. ಮದರಾಸಿನ ಕ್ರೈಸ್ತ ಕಾಲೇಜಿನ ಬೆಂಚಿನ ಮೇಲೆ ಕುಳಿತು ಕಲಿತ ಭಾಷೆಯಲ್ಲಿಯೇ ಆ ಭಾಷೆಯ ತವರಿನವರೊಡನೆ ಸಮಸಮವಾಗಿ ಮಾತನಾಡಿ ಬಂದರು. ಬಂದು ನೆಲಸಿದುದು ಮತ್ತೆ ಬಳ್ಳಾರಿಯಲ್ಲಿಯೇ.

ಇನ್ನು ನಮ್ಮ ಶಾಲೆಯ ಸಹೋದರಿಯರು ಮುಖ್ಯವಾಗಿ ತಿಳಿಯಬೇಕಾದ ಭಾಗಕ್ಕೆ ಬರುತ್ತೇವೆ. ಅಂದಿನ ಹವ್ಯಾಸಿ ಸಂಘಗಳಲ್ಲಿ ಸೀತೆ, ದ್ರೌಪದಿ, ಚಂದ್ರಮತಿ, ಡೆಸ್ಡಿಮೋನ ಎಲ್ಲರೂ ಗಂಡಸರೇ. ಎಳೆಯ ದನಿಯ ಹುಡುಗನಿಗೆ ಸೀರೆ ಉಡಿಸಿ, ಚವರಿ ಮುಡಿಸಿ ನಿಲ್ಲಿಸುವರು. ಸಿರುಗುಪ್ಪ ಕುರುಗೋಡುಗಳ ಕಡೆಯ ಹಳ್ಳಿಗಳಲ್ಲಿ ಸುಗ್ಗಿಯ ನಂತರ ಬೆಳಗಿನ ತನಕ ನಡೆಯುತ್ತಿದ್ದ ಬಯಲಾಟಗಳಲ್ಲಿಯೂ ಸ್ತ್ರೀವೇಷಗಳನ್ನು ಗಂಡಸರೇ ಕಟ್ಟುತ್ತಿದ್ದರೆಂಬುದನ್ನು ನಮ್ಮ ಹಿರಿಯರು ಬಲ್ಲರು. ವೃತ್ತಿನಾಟಕ ಮಂಡಲಿಗಳಲ್ಲಿ ಕೆಲವು ನಟಿಯರಿದ್ದರು. ಅವರನ್ನು ಸಮಾಜವು ಕಲೆಗಾಗಿ ಹೊಗಳಿ ಕುಲಕ್ಕಾಗಿ ಹಳಿಯುತ್ತಿತ್ತು. ಗೃಹಸ್ಥ ಮನೆತನದ ಹೆಣ್ಣುಮಗಳು ನಾಟಕವನ್ನು ಪರದೆಯ ಮರೆಯಿಂದ ನೋಡಿದರೆ ಅದೇ ಹೆಚ್ಚು.

ರಾಘವರು ಇದನ್ನು ಅಸತ್ಯವೆಂದು ಕಂಡರು. ಹೆಣ್ಣಿನ ದುಃಖವನ್ನು ಹೆಣ್ಣಿನ ಬಾಯಿಂದ ಕೇಳದೆ ಗಂಡಸಿನ ಕೃತಕ ಕಂಠದಿಂದ ಕೇಳುವ ಸಭೆಗೆ ಆ ದುಃಖವು ಎಂದಿಗೂ ತಿಳಿಯದು. ಆದುದರಿಂದ ಅವರು ವಿದ್ಯಾವಂತರಾದ ಸ್ತ್ರೀಯರನ್ನು ರಂಗಭೂಮಿಗೆ ಆಹ್ವಾನಿಸಿದರು. ಅವರೊಡನೆ ತಾವೇ ಪಾತ್ರ ಧರಿಸಿದರು. ಕೊಮ್ಮೂರಿ ಪದ್ಮಾವತೀದೇವಿಯವರೂ ಕೊಪ್ಪರಪು ಸರೋಜಿನಿಯವರೂ ಹೀಗೆ ಮುಂದೆ ಬಂದವರಲ್ಲಿ ಪ್ರಮುಖರು. ಮುಂದೆ ಮದರಾಸ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಪಿ. ವಿ. ರಾಜಮನ್ನಾರರು ತಪ್ಪೆವರಿದಿ ಎಂಬ ಗೃಹಜೀವನದ ನಾಟಕವನ್ನು ತೆಲುಗಿನಲ್ಲಿ ಬರೆದಾಗ, 1930ರ ಸುಮಾರಿನಲ್ಲಿ ಅದನ್ನು ರಂಗಕ್ಕೆ ತಂದವರು ರಾಘವರು. ಅದರಲ್ಲಿ ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಿದರು. ತಪ್ಪು ಯಾರದು ಎಂಬುದೇ ಆ ಹೆಸರಿನ ಅರ್ಥ. ಮನೆಯೊಳಗಿನ ಅನ್ಯಾಯವನ್ನು ಕುರಿತು ಇಂತಹ ಪ್ರಶ್ನೆಯನ್ನು ಬಹಿರಂಗ ಸಭೆಯಲ್ಲಿ ಎತ್ತುವುದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ.

ಇಲ್ಲಿ ಒಂದು ನ್ಯಾಯವನ್ನು ನಾವು ಹೇಳದಿರಲಾರೆವು. ಇಂತಹ ಸಾಹಸದಲ್ಲಿ ಗಂಡಸಿಗೆ ದೊರೆಯುವುದು ಸುಧಾರಕನೆಂಬ ಕೀರ್ತಿ. ಹೆಣ್ಣಿಗೆ ದೊರೆಯುವುದು ಬೀದಿಯ ಮಾತು. ರಾಘವರಿಗೆ ವಕೀಲಿಯಿತ್ತು, ಬಿರುದಿತ್ತು, ಊರಿನ ಗೌರವವಿತ್ತು. ಅವರ ಜೊತೆಯಲ್ಲಿ ದೀಪದ ಬೆಳಕಿಗೆ ಬಂದು ನಿಂತ ಆ ಸ್ತ್ರೀಯರಿಗೆ ತಮ್ಮ ಧೈರ್ಯವಲ್ಲದೆ ಬೇರೆ ಕಾಪು ಇರಲಿಲ್ಲ. ಬಾಗಿಲನ್ನು ತೆರೆದವರನ್ನು ನೆನೆಯುವಾಗ, ಆ ಬಾಗಿಲಿನಿಂದ ಮೊದಲು ಒಳಹೊಕ್ಕವರನ್ನು ಮರೆಯುವುದು ಧರ್ಮವಲ್ಲ.

ಹಾಗೆಯೇ ರಾಘವರು ವಿದ್ಯೆ ಕಲಿತ ಕಾಲವನ್ನೂ ಯೋಚಿಸಬೇಕು. ಅವರು ಮದರಾಸಿಗೆ ಹೋದಾಗ ಅವರ ವಯಸ್ಸಿನ ಬಳ್ಳಾರಿಯ ಹುಡುಗಿಯೊಬ್ಬಳು ಅಂತಹ ಓದನ್ನು ಬಯಸಿದ್ದರೆ ಆಕೆಗೆ ದಾರಿಯೆಲ್ಲಿತ್ತು? ಮದರಾಸಿನಲ್ಲಿ ಸ್ತ್ರೀಯರಿಗೆಂದೇ ಸರಕಾರದ ಕ್ವೀನ್ ಮೇರಿ ಕಾಲೇಜು ಪ್ರಾರಂಭವಾದುದು 1914ರಲ್ಲಿ. ಹಲವು ಮಿಷನ್ನುಗಳು ಒಟ್ಟುಗೂಡಿ ಸ್ತ್ರೀಯರ ಕ್ರೈಸ್ತ ಕಾಲೇಜನ್ನು ತೆರೆದುದು 1915ರಲ್ಲಿ. ರಾಘವರು ನ್ಯಾಯಶಾಸ್ತ್ರದ ಪದವಿಯನ್ನು ಪಡೆದು ಆಗಲೇ ಒಂಬತ್ತು ಹತ್ತು ವರ್ಷಗಳು ಸಂದಿದ್ದುವು. ಅಣ್ಣನಿಗೆ ತೆರೆದ ಬಾಗಿಲು ತಂಗಿಗೆ ಮುಚ್ಚಿತ್ತು. ಇಂದು ಆ ಬಾಗಿಲು ತೆರೆದಿದೆ. ಹೊಸ್ತಿಲವರೆಗೆ ಬಂದ ಮಗಳನ್ನು ನಾವೇ ಹಿಂದಕ್ಕೆ ಕರೆಯುವುದು ಉಚಿತವೇ ಎಂಬುದನ್ನು ಪೋಷಕರು ವಿಚಾರಿಸಬೇಕೆಂದು ಬೇಡುತ್ತೇವೆ.

ರಾಘವರು ಚಲಚ್ಚಿತ್ರಗಳಲ್ಲಿಯೂ ಕೆಲವು ಪಾತ್ರಗಳನ್ನು ವಹಿಸಿದರು. 1936ರಲ್ಲಿ ಬಂದ ದ್ರೌಪದೀ ಮಾನಸಂರಕ್ಷಣದಲ್ಲಿ ದುರ್ಯೋಧನರಾದರು. 1939ರ ರೈತುಬಿಡ್ಡ ಎಂಬುದರಲ್ಲಿ ರೈತನ ಪಾತ್ರ ಅವರದು. ಜಮೀನ್ದಾರರ ದಬ್ಬಾಳಿಕೆಯನ್ನು ತೋರಿಸಿದುದಕ್ಕಾಗಿ ಆ ಚಿತ್ರವು ಜಮೀನ್ದಾರರ ಕೋಪಕ್ಕೆ ಗುರಿಯಾಯಿತು. 1940ರಲ್ಲಿ ಚಂಡಿಕ ಬಂದಿತು. ಆದರೆ ಅವರ ಮನಸ್ಸು ನೆಲಸಿದ್ದುದು ಎದುರಿಗೆ ಜನರು ಉಸಿರು ಬಿಗಿಹಿಡಿದು ಕುಳಿತಿರುವ ರಂಗಸ್ಥಳದಲ್ಲಿಯೇ. ತರುಣರನ್ನು ತಿದ್ದುವುದರಲ್ಲಿಯೂ ಅವರು ಬೇಸರಪಡಲಿಲ್ಲ. ತೆಲುಗಿನಲ್ಲಿ ಬಂದಾ ಕನಕಲಿಂಗೇಶ್ವರರಾಯರು, ಕನ್ನಡದಲ್ಲಿ ಬಳ್ಳಾರಿಯ ಸಮೀಪದ ಜೋಳದರಾಶಿಯ ದೊಡ್ಡನಗೌಡರು ಅವರ ಪ್ರಭಾವದಲ್ಲಿ ಬೆಳೆದರು. ದೊಡ್ಡನಗೌಡರು ಗಮಕಿಗಳಾಗಿ, ನಟರಾಗಿ, ನಾಟಕಕಾರರಾಗಿ 1994ರವರೆಗೆ ಬಾಳಿ ಆ ದೀಪವನ್ನು ಕನ್ನಡದಲ್ಲಿ ಉರಿಸಿದರು.

1946ನೆಯ ಇಸವಿ ಏಪ್ರಿಲ್ 16ನೆಯ ತಾರೀಖಿನಲ್ಲಿ ರಾಘವಾಚಾರ್ಯರು ಕಾಲವಶರಾದರು. ಅವರಿಗೆ ಆಗ 65 ವರ್ಷ. ದೇಶವು ಸ್ವತಂತ್ರವಾಗುವುದನ್ನು ಅವರು ಕಾಣಲಿಲ್ಲ. ತಮ್ಮ ಊರು ಕನ್ನಡ ನಾಡಿಗೆ ಸೇರಿದುದನ್ನೂ ಕಾಣಲಿಲ್ಲ. ಎರಡು ಭಾಷೆಯವರೂ ಅವರನ್ನು ತಮ್ಮವರೆಂದು ಹೇಳಿಕೊಳ್ಳುವರು. ಅವರ ಹೆಸರಿನ ಮಂದಿರದಲ್ಲಿ ಎರಡು ಭಾಷೆಗಳ ನಾಟಕಗಳಿಗೂ ಸ್ಥಳವುಂಟು. ಇದಕ್ಕಿಂತ ಒಪ್ಪುವ ಸ್ಮಾರಕವು ಅವರಿಗೆ ಬೇರೆ ಬೇಕಾಗಿಲ್ಲ.

ಆದರೆ ನಟನ ಕಲೆಯಲ್ಲಿ ಒಂದು ಮರುಕದ ಸಂಗತಿಯುಂಟು. ಕವಿಯ ಕಾವ್ಯವು ಓಲೆಯಲ್ಲಿ ಉಳಿಯುವುದು. ಶಿಲ್ಪಿಯ ಕೆಲಸವು ಕಲ್ಲಿನಲ್ಲಿ ಉಳಿಯುವುದು. ಸಿಂದರ ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಮಹಾವಿಗ್ರಹವನ್ನು ಕಡೆದವನ ಹೆಸರು ನಮಗೆ ತಿಳಿಯದಿದ್ದರೂ ಅವನ ಕೈಯ ಕೆಲಸವು ಕಣ್ಣ ಮುಂದಿದೆ. ನಟನ ಕೆಲಸವಾದರೋ ಪರದೆ ಬಿದ್ದೊಡನೆ ಮುಗಿಯಿತು. ರಾಘವರ ಷೈಲಾಕನನ್ನೂ ಪಠಾಣನನ್ನೂ ನೋಡಿದ ಕಣ್ಣುಗಳು ಇಂದು ಮುಚ್ಚಿವೆ. ಆ ಅಭಿನಯದಲ್ಲಿ ನಮಗೆ ಉಳಿದಿರುವುದು, ನೋಡಿದವರು ಯಾರು ಬರೆದಿಟ್ಟರೋ ಅವರ ಬರವಣಿಗೆಯಷ್ಟೇ. ಬರೆಯದೆ ಹೋದುದೆಲ್ಲವೂ ಹೋಯಿತು.

ಚರಿತ್ರೆ, ಸಾಹಿತ್ಯ, ಬರವಣಿಗೆ ಈ ಮೂರರಿಂದ ಏನು ಪ್ರಯೋಜನವೆಂದು ಕೇಳುವವರಿಗೆ ನಾವು ಹೇಳುವ ಉತ್ತರವು ಇದರಲ್ಲಿಯೇ ಅಡಗಿದೆ. ಚರಿತ್ರೆಯು ನಮಗಿಂತ ಮುಂಚೆ ಬಾಳಿದವರ ನ್ಯಾಯವನ್ನು ಕೇಳಲು ಕಲಿಸುವುದು. ಸಾಹಿತ್ಯವು ನಮ್ಮ ಪಕ್ಕದಲ್ಲಿ ಬಾಳುವವರ ಒಳಗನ್ನು ಕಾಣಲು ಕಲಿಸುವುದು. ಬರವಣಿಗೆಯು ಕೇಳಿದುದನ್ನೂ ಕಂಡುದನ್ನೂ ಮುಂದೆ ಬರುವವರಿಗೆ ದಾಟಿಸುವುದು. ರಾಘವರು ಈ ವಿದ್ಯೆಯಿಂದ ಹೊಟ್ಟೆಯನ್ನೂ ಹೊರೆದರು. ಹಸಿವಿಗಿಂತ ದೊಡ್ಡದಾದ ಒಂದು ಕೆಲಸವನ್ನೂ ಮಾಡಿದರು. ತಮ್ಮ ಮನೆತನದ ನಂಬಿಕೆಯನ್ನು ಬಿಡದೆಯೇ, ಬೇರೊಂದು ನಂಬಿಕೆಯವರು ನಡೆಸಿದ ವಿದ್ಯಾಲಯದಿಂದ ತಮಗೆ ಬೇಕಾದ ಬೆಳಕನ್ನು ತಂದು ಊರಿನ ದೀಪಕ್ಕೆ ಹಚ್ಚಿದರು. ಮಿಲ್ಲರರು ಹೇಳುತ್ತಿದ್ದ ಹುಳಿಯು ಹಿಟ್ಟಿನಲ್ಲಿ ಕೆಲಸ ಮಾಡುವುದು ಹೀಗೆಯೇ ಇರಬೇಕು.

ನಮ್ಮ ಶಾಲೆಯಲ್ಲಿ ಪ್ರತಿವರ್ಷ ಕ್ರಿಸ್ಮಸ್ ನಾಟಕವು ನಡೆಯುವಾಗ ಕುರುಬರ ವೇಷವನ್ನೂ ಯೋಸೇಫನ ವೇಷವನ್ನೂ ನಮ್ಮ ಹುಡುಗಿಯರೇ ಹಾಕುವರು. ಹತ್ತಿಯ ಗಡ್ಡವು ಜಾರಿ ಸಭೆಯೆಲ್ಲ ನಗುವುದೂ ಉಂಟು. ನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಹುಡುಗರು ಸೀರೆಯುಟ್ಟು ನಿಲ್ಲುತ್ತಿದ್ದರು. ಇಂದು ಹುಡುಗಿಯರು ಗಡ್ಡ ಕಟ್ಟಿ ನಿಲ್ಲುತ್ತಾರೆ. ಈ ನಗುವಿನ ಹಿಂದೆ ಎಷ್ಟು ಜನರ ಧೈರ್ಯವಿದೆಯೆಂಬುದನ್ನು ನಮ್ಮ ಮಕ್ಕಳು ಅರಿಯಬೇಕು.

ಪ್ರಿಯ ಸಹೋದರಿಯರೇ, ರಜೆಯಲ್ಲಿ ನೀವು ಊರಿಗೆ ಹೋಗುವಿರಿ. ಸಿರುಗುಪ್ಪದ ಬತ್ತದ ಗದ್ದೆಗಳ ಬಳಿಯಲ್ಲಿಯೋ ಕುರುಗೋಡಿನ ಗುಡ್ಡದ ಕೆಳಗೋ ನಿಮ್ಮ ಅಜ್ಜಿಯರು ಇರುವರು. ಅವರು ನೋಡಿದ ಆಟಗಳನ್ನೂ, ಹಾಡಿದ ಹಾಡುಗಳನ್ನೂ, ಓದಬೇಕೆಂದು ಬಯಸಿ ಓದಲಾರದೆ ಹೋದ ದಿನಗಳನ್ನೂ ಕೇಳಿರಿ. ಕೇಳಿದುದನ್ನು ತಾರೀಖು ಹಾಕಿ ಬರೆದಿಡಿರಿ. ಚರಿತ್ರೆಯ ವ್ಯಾಸಂಗಕ್ಕೆ ಅದೇ ಮೊದಲನೆಯ ಪಾಠ. ಎರಡನೆಯ ಪಾಠಕ್ಕೆ ಕಾಲೇಜಿಗೆ ಹೋಗುವ ಭಾಗ್ಯವು ನಿಮ್ಮೆಲ್ಲರಿಗೂ ಲಭಿಸಲೆಂದು ದೇವರನ್ನು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.